ನಂಬರ್ ಹನ್ನೊಂದು

ಎಡಗಾಲು ಮುಗಿದಿತ್ತು. ಬಲಗಾಲಿನ ಮೊಣಕಾಲ ಕೆಳಗೆ ಬ್ಲೇಡು ಕಚ್ಚಿತು. ತುಕಾರಾಮ ಬಚ್ಚಲ ಕಟ್ಟೆಯ ಮೇಲೆ ಕೂತು, ಸೋಪಿನ ನೊರೆಯಲ್ಲಿ ರಕ್ತ ತೆಳ್ಳಗೆ ಇಳಿಯುವುದನ್ನು ನೋಡಿದ. ಐವತ್ತೈದು ವರ್ಷದ ರಾಜ್ಯಶಾಸ್ತ್ರದ ಅಧ್ಯಾಪಕನೊಬ್ಬ ಭಾನುವಾರ ನಸುಕಿನಲ್ಲಿ ಕಾಲಿನ ಕೂದಲು ಬೋಳಿಸುವುದಕ್ಕೆ ಕಾರಣ ಇರಬೇಕು. ಕಾರಣವಿತ್ತು. ಸೈಕಲ್ ರೇಸಿನ ಹುಡುಗರೆಲ್ಲ ಬೋಳಿಸುತ್ತಾರೆ. ಬಿದ್ದರೆ ಗಾಯ ತೊಳೆಯಲು ಸುಲಭ. ಆದರೆ ಈ ಕಾರಣವನ್ನು ಗಟ್ಟಿಯಾಗಿ ಹೇಳಿಕೊಳ್ಳಬಹುದಾದ ಒಬ್ಬ ಮನುಷ್ಯನೂ ಜಮಖಂಡಿಯಲ್ಲಿ ತನಗಿಲ್ಲ ಎಂದು ಅವನಿಗೆ ಅನ್ನಿಸಿತು.

"ಎಷ್ಟೊತ್ತರೀ?" ಹೊರಗಿನಿಂದ ಹೆಂಡತಿ ಕಾವೇರಿ ಕೇಳಿದಳು.

"ಬಂದೆ."

"ನೀರು ಆರಿ ಹೋದ್ವೇನು?"

"ಇಲ್ಲ."

ಅವನು ಹೊರಗೆ ಬಂದಾಗ ಅವಳು ಕಾಲು ನೋಡಿದಳು. ನೋಡಿ ಒಲೆಯ ಕಡೆ ತಿರುಗಿದಳು. ಬೆನ್ನು ಮಾಡಿಕೊಂಡೇ ಕೇಳಿದಳು: "ರಕ್ತ ಬರಾಕತ್ತೈತಿ. ಅರಿಶಿಣ ಹಚ್ಚಲೇನು?"

"ಬ್ಯಾಡ."

"ನಾಳೆ ಕಾಲೇಜಿಗೆ ಪ್ಯಾಂಟ್ ಹಾಕ್ಕೊಂಡ ಹೋಗ್ತೀರಿ. ಯಾರಿಗೂ ಕಾಣಾಂಗಿಲ್ಲ ಬಿಡ್ರಿ."

ಅದು ಸಮಾಧಾನವೋ ಚುಚ್ಚು ಮಾತೋ ಗೊತ್ತಾಗಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಮಾತಿನ ಆ ಗೆರೆ ಎಲ್ಲಿದೆ ಎಂದು ಅವನು ಇನ್ನೂ ಕಂಡುಕೊಂಡಿರಲಿಲ್ಲ.

"ನೀ ಬರ್ತೀಯೇನು, ನೋಡಾಕ?"

"ಬಂದೇನ ನೋಡ್ಲಿ? ಹೊಂಟಾಗ ನಿಮ್ಮ ಬೆನ್ನ ಕಾಣಸ್ತೈತಿ. ಅದನ್ನ ಮನ್ಯಾಗ ದಿನಾ ನೋಡ್ತೇನಲ್ಲ."

ಹೊರಡುವಾಗ ಎರಡು ಶೇಂಗಾದ ಉಂಡಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಬಾಗಿಲ ತನಕ ಬಂದಳು. "ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡ್ಕೋರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಜನವರಿಯ ಚಳಿ. ಊರು ದಾಟುವ ತನಕ ಅವನು ತಲೆ ಬಗ್ಗಿಸಿಯೇ ತುಳಿದ. ಬಾಗಿದ ಹ್ಯಾಂಡಲ್ಲಿನ ಈ ಸೈಕಲ್ ಕೊಂಡು ಎರಡು ವರ್ಷವಾಗಿದ್ದರೂ ಊರು ಇನ್ನೂ ಅದಕ್ಕೆ ಒಗ್ಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಮೊದಲ ತಿಂಗಳು ಎಲ್ಲರೂ ಒಂದೇ ಪ್ರಶ್ನೆ ಕೇಳಿದ್ದರು: "ಶುಗರ್ ಎಷ್ಟೈತ್ರಿ ಸರ?" ಇಲ್ಲ ಎಂದರೆ ನಂಬಲಿಲ್ಲ. ಈ ವಯಸ್ಸಿನ ಮನುಷ್ಯ ಬೆವರು ಸುರಿಸಬೇಕಾದರೆ ಒಂದು ರೋಗವಾದರೂ ಇರಬೇಕು. ಕೊನೆಗೆ ಅವನೇ ಸೋತು "ಸ್ವಲ್ಪ ಐತಿ" ಎಂದುಬಿಟ್ಟ. ಎಲ್ಲರಿಗೂ ಸಮಾಧಾನವಾಯಿತು. ಅಂದಿನಿಂದ ಅವನ ಚಹಾಕ್ಕೆ ಸಕ್ಕರೆ ನಿಂತಿತು.

ಆದರೆ ಅವನಿಗೆ ಬೇಕಾಗಿದ್ದದ್ದು ಆರೋಗ್ಯವಲ್ಲ. ನಲವತ್ತು ನಿಮಿಷ.

ಇಪ್ಪತ್ತು ಕಿಲೋಮೀಟರು. ಹತ್ತು ಹೋಗುವುದು, ರಸ್ತೆಯ ನಡುವೆ ಇಟ್ಟ ಡ್ರಮ್ಮು ಸುತ್ತುವುದು, ಹತ್ತು ಬರುವುದು. ಎಲ್ಲರೂ ಒಟ್ಟಿಗೆ ನುಗ್ಗುವ ರೇಸಲ್ಲ ಇದು. ಎರಡೆರಡು ನಿಮಿಷಕ್ಕೆ ಒಬ್ಬೊಬ್ಬರನ್ನು ಬಿಡುತ್ತಾರೆ. ಎದುರಾಳಿ ಗಡಿಯಾರ ಮಾತ್ರ. ಐವತ್ತು ದಾಟಿದವರು ನಲವತ್ತು ನಿಮಿಷದೊಳಗೆ ಮುಟ್ಟಿದರೆ ಹೆಸರು ಜಿಲ್ಲೆಯ ಪಟ್ಟಿಗೆ ಸೇರುತ್ತದೆ, ರಾಜ್ಯಮಟ್ಟಕ್ಕೆ ಹೋಗುತ್ತದೆ. ಮುಟ್ಟದಿದ್ದರೆ ಹೆಸರಿನ ಮುಂದೆ 'ಅವಧಿ ಮೀರಿದೆ'.

ಯಾರೂ ಯಾರ ಬೆನ್ನ ಹಿಂದೆಯೂ, ಯಾವ ಗಾಡಿಯ ಹಿಂದೆಯೂ ಗಾಳಿಯಿಂದ ಮರೆಯಾಗಿ ಹೋಗುವಂತಿಲ್ಲ. ದಾಟಿ ಹೋದವರಿಂದ ಇಪ್ಪತ್ತೈದು ಮೀಟರು ದೂರ ಉಳಿಯಬೇಕು. ಈ ನಿಯಮವನ್ನು ಮೊದಲ ಸಲ ಓದಿದಾಗ ತುಕಾರಾಮನಿಗೆ ನಗು ಬಂದಿತ್ತು. ದೂರ ನಿಲ್ಲುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವನ ಕೇರಿಯಲ್ಲಿ ಅದು ಮಕ್ಕಳಿಗೂ ಬಾಯಿಪಾಠ. ಇಲ್ಲಿ ಮಾತ್ರ ಆ ನಿಯಮ ಎಲ್ಲರಿಗೂ ಒಂದೇ ಇತ್ತು. ಅದಕ್ಕೇ ಇರಬೇಕು, ಈ ಆಟ ಅವನಿಗೆ ಹಿಡಿಸಿದ್ದು.

ಒಬ್ಬನೇ ತಾಲೀಮು ಮಾಡಿದ ಬೆಳಗುಗಳಲ್ಲಿ ಅವನ ಅತಿ ಒಳ್ಳೆಯ ವೇಳೆ ಮೂವತ್ತೊಂಬತ್ತು ನಿಮಿಷ ಹತ್ತು ಸೆಕೆಂಡು. ಅಂದರೆ ಕೈಯಲ್ಲಿದ್ದದ್ದು ಐವತ್ತು ಸೆಕೆಂಡು. ಅಷ್ಟರಲ್ಲಿ ಒಂದು ತಪ್ಪಿಗೆ ಜಾಗವಿತ್ತು. ಎರಡಕ್ಕೆ ಇರಲಿಲ್ಲ.

ಹಿಪ್ಪರಗಿ ರಸ್ತೆಯ ಒಂದು ಕ್ರಾಸಿನಲ್ಲಿ ಶಾಮಿಯಾನ ಹಾಕಿದ್ದರು. ಮೈಕು ಆಗಲೇ ಕೂಗುತ್ತಿತ್ತು. ಟೇಬಲ್ಲಿನ ಮೇಲೆ ದೊಡ್ಡ ಡಿಜಿಟಲ್ ಗಡಿಯಾರ, ಪಕ್ಕದಲ್ಲಿ ಹೆಸರಿನ ಹಾಳೆ, ಹಾಳೆ ಹಾರದಂತೆ ಒಂದು ಕಲ್ಲು. ಟೇಬಲ್ಲಿನ ಹಿಂದೆ ಹಾಲಸಿದ್ದಪ್ಪ ನಿಂತಿದ್ದ, ಹಣೆಗೆ ಬೀರಪ್ಪ ದೇವರ ಅರಿಶಿಣದ ಭಂಡಾರ ಬಳಿದುಕೊಂಡು. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ಒಂದು ಕಾಲದಲ್ಲಿ ಇವನೂ ತುಕಾರಾಮನೂ ಸುತ್ತಲಿನ ಊರುಗಳ ರೇಸುಗಳಲ್ಲಿ ಜೋಡಿಯಾಗಿ ಓಡುತ್ತಿದ್ದವರು. ಈಗ ಜಿಲ್ಲೆಯ ರೇಸುಗಳಿಗೆಲ್ಲ ವೇಳೆ ಹಿಡಿಯುವವನು ಇವನೇ.

"ಬರ್ರಿ ಸರ," ಎಂದ ಹಾಲಸಿದ್ದಪ್ಪ.

ಮಂದಿಯ ಮುಂದೆ ಸರ. ಹಿಂದೆ ತುಕ್ಯಾ. ಆ ಹೆಸರಿನಿಂದ ತಪ್ಪಿಸಿಕೊಳ್ಳುವುದಕ್ಕೇ ಎಂ.ಎ. ಮಾಡಿದ್ದು ಎಂದು ತುಕಾರಾಮ ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದ. ತಪ್ಪಿಸಿಕೊಂಡು ಬಂದು ನಿಂತ ಜಾಗದಲ್ಲಿ ಯಾರೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

"ಐವತ್ತರ ಮ್ಯಾಲಿನವ್ರು ಎಷ್ಟ ಮಂದಿ ಬಂದಾರ?"

ಉತ್ತರ ಕೊಟ್ಟವನು ಪಾಂಡಪ್ಪ. ರೇಸು ಇಟ್ಟಿದ್ದ ಯುವಕ ಮಂಡಳದ ಅಧ್ಯಕ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮೈಕು. "ನೀವ ಒಬ್ರರಿ ಸರ! ಫಸ್ಟ್ ನಂಬರ್ ಗ್ಯಾರಂಟಿ. ಸೆಕೆಂಡ್ ಬರಾವ ಇನ್ನೂ ಹುಟ್ಟೇ ಇಲ್ಲ!"

ಸುತ್ತಲಿದ್ದವರು ನಕ್ಕರು. ಮೈಕು ಆನ್ ಆಗಿದ್ದರಿಂದ ನಗು ರಸ್ತೆಯ ತುಂಬ ಹೋಯಿತು.

"ನಲವತ್ತ ನಿಮಿಷದಾಗ ಬಂದ್ರ ಅಷ್ಟ," ಎಂದ ತುಕಾರಾಮ.

"ಅದನ್ಯಾಕ ತಲಿಗೆ ಹಚ್ಗೋತೀರಿ? ಈ ವಯಸ್ಸಿನ್ಯಾಗ ಸೈಕಲ್ ಮ್ಯಾಲ ಕುಂದ್ರೂದ ದೊಡ್ಡದು. ನೀವು ಹಿರಿಯರು. ನಿಮಗ್ಯಾತರ ನಿಮಿಷ?"

ಬೆನ್ನಿಗೆ ಹನ್ನೊಂದನೆಯ ನಂಬರು ಕಟ್ಟಿದರು. ಹನ್ನೆರಡು ಹಾಲಸಿದ್ದಪ್ಪನ ಮಗಳು ಶೈಲಾಳದು. ಹತ್ತೊಂಬತ್ತು ವರ್ಷ, ರಾಜ್ಯಮಟ್ಟಕ್ಕೆ ಎರಡು ಸಲ ಹೋಗಿ ಬಂದವಳು. ಅವಳು ದೂರದಲ್ಲಿ ಯಾರನ್ನೂ ನೋಡದೆ ನೆಲ ನೋಡುತ್ತ ಕಾಲು ಸಡಿಲ ಮಾಡಿಕೊಳ್ಳುತ್ತಿದ್ದಳು. ಅವಳಿಗೆ ಸಿಕ್ಕಿದ್ದ ಆ ಏಕಾಂತವನ್ನು ನೋಡಿ ತುಕಾರಾಮನಿಗೆ ಹೊಟ್ಟೆಕಿಚ್ಚಾಯಿತು.

ಅವನ ಸರದಿ ಎಂಟು ಇಪ್ಪತ್ತಕ್ಕೆ. ಗೆರೆಯ ಮೇಲೆ ಬಂದು, ಬೂಟಿನ ಕೊಕ್ಕೆಗಳನ್ನು ಪೆಡಲಿಗೆ ಸಿಕ್ಕಿಸಿದ. ಮಂಡಳದವನೊಬ್ಬ ಹಿಂದಿನಿಂದ ಸೀಟು ಹಿಡಿದು ಅವನನ್ನು ನೆಟ್ಟಗೆ ನಿಲ್ಲಿಸಿದ.

"ಮೂವತ್ತ ಸೆಕೆಂಡ್," ಎಂದ ಹಾಲಸಿದ್ದಪ್ಪ.

ತುಕಾರಾಮ ಉಸಿರು ಎಳೆದ. ಮುಂದೆ ಕಬ್ಬಿನ ನಡುವೆ ರಸ್ತೆ ಖಾಲಿ ಬಿದ್ದಿತ್ತು. ಬಹಳ ದಿನಗಳಿಂದ ಯಾವುದೂ ಅವನಿಗೆ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಆಗ ಮೈಕು ಹೇಳಿತು: "ಈಗ ನಮ್ಮ ಭಾಗದ ಹಿರಿಯ ಸೈಕಲ್ ಪಟುಗಳಾದ ಸರ್ ಅವರಿಗೆ ಮಂಡಳದ ವತಿಯಿಂದ ಸನ್ಮಾನ."

ಪಾಂಡಪ್ಪ ತಾಟು ಹಿಡಿದು ಎದುರಿಗೆ ಬಂದ. ಶಾಲು, ಹಾರ, ತೆಂಗಿನಕಾಯಿ, ಕೆಂಪು ರುಮಾಲು.

"ಆಮ್ಯಾಲ ಮಾಡ್ರಿ, ಪಾಂಡಪ್ಪ. ಬಂದ ಮ್ಯಾಲ."

"ಆಮ್ಯಾಲ ಮಂದಿ ಇರಾಂಗಿಲ್ರಿ. ಫೋಟೋದಾಂವಗ ಮುಧೋಳದಾಗ ಮದಿವಿ ಐತಿ, ಹೊಂಟ ನಿಂತಾನ. ಒಂದ ಮಿನಿಟ್ ಸರ."

"ಟೈಮ್ ಆಗಾಕತ್ತೈತಿ."

"ಎಲ್ಲಿ ಹೋಗ್ತೈತ್ರಿ ಟೈಮ್!"

ಹಾರ ಬಿತ್ತು. ಶಾಲು ಬಿತ್ತು. ಹೆಲ್ಮೆಟ್ಟಿನ ಮೇಲೆಯೇ ರುಮಾಲು ಸುತ್ತತೊಡಗಿದರು. ಅದು ನಿಲ್ಲಲಿಲ್ಲ, ಬಿಚ್ಚಿ ಮತ್ತೆ ಸುತ್ತಿದರು. ಮುದುಕನೊಬ್ಬ ಹಣೆಗೆ ಹಿಡಿ ಭಂಡಾರ ಮೆತ್ತಿದ. ತೆಂಗಿನಕಾಯಿಯನ್ನು ಎರಡೂ ಕೈಗೆ ಕೊಟ್ಟರು. ಹ್ಯಾಂಡಲ್ ಬಿಡಬೇಕಾಯಿತು.

"ಐದು. ನಾಕು." ಹಾಲಸಿದ್ದಪ್ಪನ ಧ್ವನಿ ಎಲ್ಲಿಂದಲೋ ಬರುತ್ತಿತ್ತು. "ಮೂರು. ಎರಡು. ಒಂದು."

ಬಾವುಟ ಇಳಿಯಿತು. ಅದನ್ನು ನೋಡಿದವನು ತುಕಾರಾಮ ಒಬ್ಬನೇ. ಸೀಟು ಹಿಡಿದವನು ಫೋಟೋಕ್ಕೆ ಮುಖ ಕೊಟ್ಟಿದ್ದ.

"ಹಿಂದಿನವ್ರು ಕಾಣಾಂಗಿಲ್ಲ, ಸ್ವಲ್ಪ ಬಾಜೂಕ ಬರ್ರಿ," ಎಂದ ಫೋಟೋದವನು. "ಸರ, ಸ್ವಲ್ಪ ನಗ್ರಿ."

ತುಕಾರಾಮ ನಕ್ಕ.

ತೆಂಗಿನಕಾಯಿಯನ್ನು ನೆಲಕ್ಕೆ ಒಗೆದು ಹೊರಡಬಹುದಿತ್ತು. ಶಾಲು ತಾನಾಗಿ ಹಾರಿ ಬೀಳುತ್ತಿತ್ತು. ಅವನು ನಕ್ಕ. ಇನ್ನೊಂದು ಫೋಟೋಕ್ಕೂ ನಕ್ಕ. ಅವಮಾನವನ್ನು ತಳ್ಳಿ ನಡೆಯುವುದು ಹೇಗೆಂದು ಅವನು ಓದಿದ್ದ, ಪಾಠವನ್ನೂ ಮಾಡಿದ್ದ. ಗೌರವವನ್ನು ತಳ್ಳಿ ನಡೆಯುವುದು ಹೇಗೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅವರು ಎಲ್ಲವನ್ನೂ ಬಿಚ್ಚಿಕೊಂಡು, ಬೆನ್ನು ತಟ್ಟಿ, "ಹೂಂ, ಈಗ ಹೋಗ್ರಿ, ಸಾವಕಾಶ" ಎಂದಾಗ ಟೇಬಲ್ಲಿನ ಗಡಿಯಾರದಲ್ಲಿ ಒಂದೂಮುಕ್ಕಾಲು ನಿಮಿಷ ಕಳೆದಿತ್ತು.

ಐವತ್ತು ಸೆಕೆಂಡು ಮುಗಿದು, ಮೇಲೆ ಇನ್ನೊಂದು ಐವತ್ತೈದು ಹೋಗಿತ್ತು.

ಮೊದಲ ಎರಡು ಕಿಲೋಮೀಟರು ಅವನು ಸಿಟ್ಟಿನಿಂದ ತುಳಿದ. ಸಿಟ್ಟಿನಿಂದ ತುಳಿದರೆ ಭುಜ ಅಲ್ಲಾಡುತ್ತದೆ, ಸೈಕಲ್ ಹೋಗುವುದಿಲ್ಲ. ಬೆವರಿನ ಜೊತೆ ಭಂಡಾರ ಇಳಿದು ಕಣ್ಣು ಉರಿಯತೊಡಗಿತು. ರಸ್ತೆ ಹಳದಿಯಾಗಿ ಕಂಡಿತು.

ಆಗಲೂ ನಕ್ಕಿದ್ದೆ ಎಂದು ನೆನಪಾಯಿತು.

ಎಪ್ಪತ್ತೆಂಟನೇ ಇಸವಿಯಲ್ಲಿ. ಹೊಳೆ ದಂಡೆಯ ಒಂದು ಊರಿನ ರೇಸು. ಬಾಡಿಗೆ ಸೈಕಲ್ಲು, ಬರಿಗಾಲು. ಅವನು ಮೊದಲು ಮುಟ್ಟಿದ್ದ. ಹಾಲಸಿದ್ದ ಎರಡನೆಯವನು, ನೂರು ಮಾರು ಹಿಂದೆ. ಬಹುಮಾನ ಒಂದು ಹಿತ್ತಾಳೆಯ ಕೊಡ. ಕಟ್ಟೆಯ ಮೇಲಿದ್ದ ಹಿರಿಯರು ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಒಬ್ಬ, ಸಿಟ್ಟಿಲ್ಲದೆ, ಬಹಳ ಪ್ರೀತಿಯಿಂದಲೇ ಕೇಳಿದ: "ಕೊಡ ಒಯ್ದು ಯಾವ ಬಾವ್ಯಾಗ ತುಂಬತೀಯೋ ತಮ್ಮಾ?" ಎಲ್ಲರೂ ನಕ್ಕರು. ಅವನೂ ನಕ್ಕ. ಅವನಿಗೊಂದು ಟವೆಲ್ಲು ಕೊಟ್ಟರು, ಕೈ ತಾಗದ ಹಾಗೆ ಮೇಲಿನಿಂದ. ಹೆಸರು ಬರೆದುಕೊಳ್ಳುತ್ತಿದ್ದ ಮಾಸ್ತರರು ಎರಡನೆಯವನಿಂದ ಶುರು ಮಾಡಿದರು. ಕೊಡ ಹಾಲಸಿದ್ದನ ಮನೆಗೆ ಹೋಯಿತು. ಆ ಸಂಜೆ ಇಬ್ಬರೂ ಒಂದೇ ದಾರಿಯಲ್ಲಿ ಮರಳಿದರು. ಇಬ್ಬರೂ ಕೊಡದ ಬಗ್ಗೆ ಮಾತಾಡಲಿಲ್ಲ. ಮೂವತ್ತನಾಲ್ಕು ವರ್ಷವಾದರೂ ಆಡಿರಲಿಲ್ಲ.

ಅವತ್ತು ಟವೆಲ್ಲು. ಇವತ್ತು ಶಾಲು. ಬಟ್ಟೆ ಉದ್ದವಾಗಿತ್ತು, ಅಷ್ಟೆ.

ಹಿಂದೆ ಚೈನಿನ ಸದ್ದು ಕೇಳಿತು. ಅವನು ರಸ್ತೆಯ ನಡುವೆ ಹೊಯ್ದಾಡುತ್ತಿದ್ದನೆಂದು ಅವನಿಗೇ ಗೊತ್ತಿರಲಿಲ್ಲ.

"ಏ ಹನ್ನೊಂದು! ಬಾಜೂ ಸರಿಯೋ! ರೋಡ್ ಏನ ನಿಮ್ಮಪ್ಪಂದೇನು?"

ಶೈಲಾ. ಅವನ ನಂತರ ಹತ್ತೋ ಹದಿನೈದೋ ಸೆಕೆಂಡಿಗೆ ಬಿಟ್ಟಿರಬೇಕು. ಅವಳು ತಲೆ ಎತ್ತಲಿಲ್ಲ. ಮುಂದೆ ಅಡ್ಡಲಾಗಿದ್ದ ಒಂದು ಬೆನ್ನಿಗೆ, ಬೆನ್ನಿನ ಮೇಲಿನ ನಂಬರಿಗೆ ಬೈದು, ಬಲಗಡೆಯಿಂದ ಸುಂಟರಗಾಳಿಯ ಹಾಗೆ ದಾಟಿ ಹೋದಳು.

ತುಕಾರಾಮ ಸರಿದ. ಸರಿದ ಮೇಲೆ ಅವನಿಗೆ ಒಂದು ವಿಚಿತ್ರ ಅನುಭವವಾಯಿತು. ಎದೆಯಲ್ಲಿ ಏನೋ ಸಡಿಲವಾಯಿತು. ಈ ದಿನವೆಲ್ಲ, ಪ್ರಾಯಶಃ ಈ ಹತ್ತು ವರ್ಷವೆಲ್ಲ, ಯಾರೂ ಅವನಿಗೆ ಹೀಗೆ ಬೈದಿರಲಿಲ್ಲ. ಆ ಹುಡುಗಿಗೆ ಅವನು ಹಿರಿಯನಲ್ಲ, ಸರ ಅಲ್ಲ, ಯಾವ ಕೇರಿಯವನೂ ಅಲ್ಲ. ಸರಿಯಾಗಿ ಸೈಕಲ್ ಹೊಡೆಯದ ಒಬ್ಬ ಸವಾರ.

ಸರಿಯಾಗಿ ಹೊಡೆಯಬೇಕು ಅನ್ನಿಸಿತು.

ಅಂಗೈಯಿಂದ ಕಣ್ಣು ಒರೆಸಿಕೊಂಡ. ಮೊಣಕೈ ಒಳಗೆ ತಂದ, ಬೆನ್ನು ತಗ್ಗಿಸಿದ. ಅವಳು ಆಗಲೇ ಇಪ್ಪತ್ತೈದು ಮೀಟರಿಗಿಂತ ಎಷ್ಟೋ ಮುಂದಿದ್ದಳು. ನಿಯಮ ಪಾಲಿಸಲು ಅವನು ಏನೂ ಮಾಡಬೇಕಾಗಿರಲಿಲ್ಲ. ಕಾಲು ತಾನಾಗಿ ಸುತ್ತತೊಡಗಿತು. ಉಸಿರು ಬನಹಟ್ಟಿಯ ಪವರ್‌ಲೂಮಿನ ಹಾಗೆ ಒಂದೇ ಲಯಕ್ಕೆ ಬಿತ್ತು. ಹತ್ತನೆಯ ಕಿಲೋಮೀಟರಿನ ಡ್ರಮ್ಮು ಬಂದಾಗ ಅವನಿಗೆ ಆಶ್ಚರ್ಯವಾಯಿತು. ಡ್ರಮ್ಮಿನ ಪಕ್ಕ ಕುರ್ಚಿಯಲ್ಲಿ ಕೂತವನು "ಹನ್ನೊಂದು" ಎಂದು ಕೂಗಿ ಬರೆದುಕೊಂಡ. ಕಿವಿಗೆ ಹಿತವಾಗಿತ್ತು ಆ ಸದ್ದು.

ಸುತ್ತಿದ ಕೂಡಲೇ ಗಾಳಿ ಹೊಡೆಯಿತು.

ಹೋಗುವಾಗ ಅದು ಬೆನ್ನಿಗಿತ್ತು, ಇದ್ದದ್ದು ತಿಳಿದಿರಲಿಲ್ಲ. ಈಗ ಹೊಳೆಯ ಕಡೆಯಿಂದ, ಬ್ಯಾರೇಜಿನ ನೀರಿನ ಮೇಲಿಂದ, ತಣ್ಣಗೆ, ನಿಲ್ಲದೆ ಬರುತ್ತಿತ್ತು. ಇಕ್ಕೆಲದ ಕಬ್ಬು ಒಂದೇ ಕಡೆಗೆ ಬಾಗಿತ್ತು. ತೊಡೆಗಳಲ್ಲಿ ಸೀಸ ತುಂಬಿದಂತಾಯಿತು. ಹನ್ನೆರಡು. ಹದಿಮೂರು. ಕಿಲೋಮೀಟರ್ ಕಲ್ಲುಗಳು ದೂರದೂರ ಸರಿದಂತೆ ಕಂಡವು.

ಹದಿಮೂರರ ಕಲ್ಲಿನ ಆಚೆ ಕಬ್ಬಿನ ಟ್ರ್ಯಾಕ್ಟರೊಂದು ಹೋಗುತ್ತಿತ್ತು. ಎರಡು ಟ್ರೇಲರು, ಮನೆಯೆತ್ತರ ಲೋಡು. ಮೇಲೆ ಕಬ್ಬು ಕಡಿಯುವವರು ಮೂವರು ಅಂಗಾತ ಮಲಗಿದ್ದರು. ಒಬ್ಬ ಎದ್ದು ಕೂತ.

"ಏ ಕಾಕಾ! ಸರಪಳಿ ಹಿಡ್ಕೋ, ಜಗ್ಗಿಕೊಂಡ ಒಯ್ತೇವಿ!"

"ಕಾಕಾ ಅಲ್ಲಲೇ, ಅಜ್ಜ!" ಇನ್ನೊಬ್ಬನ ಧ್ವನಿ. "ಅಜ್ಜಾ, ಸೈಕಲ್ಲಿನವ್ರೆಲ್ಲ ಮುಂದ ಹ್ವಾದ್ರು! ಉಪ್ಪಿಟ್ಟ ತೀರತೈತಿ!"

"ಒಂದ ಕಬ್ಬಿನ ಗಣಿಕಿ ಒಗಿಯೋ, ತಿನ್ಕೋತ ಬರ್ಲಿ!"

ಹೇಗಾಯಿತೋ, ಅವನು ಟ್ರೇಲರಿನ ಹಿಂದೆ ಬಂದಿದ್ದ. ಸರಪಳಿ ಹಿಡಿಯಲಿಲ್ಲ. ಬರೀ ಹಿಂದೆ ಬಂದ.

ಗಾಳಿ ನಿಂತಿತು.

ಎಂಥ ಆರಾಮ! ಕಬ್ಬಿನ ಸಿಹಿ ವಾಸನೆ, ಎಂಜಿನ್ನಿನ ಬೆಚ್ಚಗಿನ ಹೊಗೆ. ಪೆಡಲು ತಾನೇ ತಿರುಗುತ್ತಿತ್ತು. ಇಲ್ಲಿ ಯಾರೂ ನೋಡುತ್ತಿರಲಿಲ್ಲ. ಮೇಲಿನವರು ಮತ್ತೆ ಮಲಗಿದ್ದರು. ಈ ಜಾಗ ತನಗೆ ಬಹಳ ಪರಿಚಿತ ಎಂದು ತುಕಾರಾಮನಿಗೆ ಅನ್ನಿಸಿತು. ಸ್ಟಾಫ್ ರೂಮಿನ ಕಿಟಕಿಯ ಪಕ್ಕದ ಕುರ್ಚಿ ಹೀಗೇ ಇತ್ತು. ಒಂದೇ ನೋಟ್ಸಿನ ಇಪ್ಪತ್ತಾರು ವರ್ಷ ಹೀಗೇ ಇತ್ತು. ರಾತ್ರಿ ಊಟದ ಹೊತ್ತಿಗೆ ಕಾವೇರಿ ಏನಾದರೂ ಕೇಳಿದಾಗ ಅವನು ಪೇಪರ್ ಎತ್ತಿ ಹಿಡಿಯುತ್ತಿದ್ದನಲ್ಲ, ಆ ಪೇಪರಿನ ಹಿಂದೆಯೂ ಹೀಗೇ ಇರುತ್ತಿತ್ತು. ಅಲ್ಲೆಲ್ಲ ಯಾರೂ ಅವನನ್ನು ಸೋಲಿಸಿರಲಿಲ್ಲ. ಅಲ್ಲಿ ಗಾಳಿಯೇ ಇರಲಿಲ್ಲ.

ಟ್ರ್ಯಾಕ್ಟರು ನಿಧಾನವಾಗಿ ಹೋಗುತ್ತಿತ್ತು. ಹಿತವಾಗಿದ್ದದ್ದೆಲ್ಲ ನಿಧಾನವಾಗಿತ್ತು.

ಎಷ್ಟು ಹೊತ್ತು ಹಾಗೆ ಇದ್ದನೋ. ಅರ್ಧ ನಿಮಿಷವೋ, ಒಂದೋ. ಆಮೇಲೆ ಅವನು ಬಲಕ್ಕೆ ಹೊರಬಂದ. ಗಾಳಿ ಕೆನ್ನೆಗೆ ಬಡಿದಂತೆ ಬಡಿಯಿತು. ಎರಡೂ ಟ್ರೇಲರು, ಎಂಜಿನ್ನು, ಡ್ರೈವರನ ಹಾಡು, ಎಲ್ಲವನ್ನೂ ಒಂದೊಂದಾಗಿ ದಾಟಲು ಎದೆ ಸೀಳಿಹೋಗುತ್ತದೆ ಅನ್ನಿಸಿತು. ಮೇಲಿನಿಂದ ಯಾರೋ ಸೀಟಿ ಹೊಡೆದರು. ಈ ಸಲ ಯಾರೂ ಅಜ್ಜ ಅನ್ನಲಿಲ್ಲ.

ಕೊನೆಯ ಐದು ಕಿಲೋಮೀಟರು ಅವನು ಏನನ್ನೂ ಯೋಚಿಸಲಿಲ್ಲ. ಅದು ಎಷ್ಟೋ ವರ್ಷಗಳಲ್ಲಿ ಮೊದಲ ಸಲ.

ಗೆರೆ ದಾಟಿದ ಮೇಲೆ ಕಾಲು ಕೊಕ್ಕೆಯಿಂದ ಬಿಡಿಸಲಾಗದೆ ಶಾಮಿಯಾನದ ಕಂಬ ಹಿಡಿದು ನಿಂತ. ಮೈಕು ಬೇರೆ ಯಾರನ್ನೋ ಹೊಗಳುತ್ತಿತ್ತು. ಶೈಲಾ ನೀರಿನ ಬಾಟಲಿ ಹಿಡಿದು ಬಂದವಳು, ಹೆಲ್ಮೆಟ್ ತೆಗೆದ ಅವನ ಮುಖ ನೋಡಿ, ಬೆನ್ನ ಮೇಲಿನ ನಂಬರು ನೋಡಿ, ನಾಲಿಗೆ ಕಚ್ಚಿಕೊಂಡಳು.

"ಅಯ್ಯ, ನೀವೇನ್ರಿ ಸರ! ನಾ ನೋಡ್ಲೇ ಇಲ್ರಿ. ಬೈಕೋತ ಅಪ್ಪನ ತನಕ ಹೋಗಿಬಿಟ್ನಲ್ರಿ. ತಪ್ಪಾತ್ರಿ."

"ನೀ ಬೈದ ಮ್ಯಾಲ ಸೈಕಲ್ ನೆಟ್ಟಗ ಹೋತು."

"ಹಂಗನಬ್ಯಾಡ್ರಿ ಸರ."

"ಇನ್ನೊಮ್ಮೆ ಸಿಕ್ಕಾಗೂ ಬೈ."

ಅವಳು ಅವನ ಕೈಗೆ ಬಾಟಲಿ ಕೊಟ್ಟು ಓಡಿದಳು.

ಹಾಲಸಿದ್ದಪ್ಪ ಟೇಬಲ್ಲಿನ ಹಿಂದಿನಿಂದ ಕೈ ಮಾಡಿದ. ತುಕಾರಾಮ ಕುಂಟುತ್ತ ಹೋದ.

"ನಲವತ್ತು ಇಪ್ಪತ್ತೆರಡು," ಎಂದ ಹಾಲಸಿದ್ದಪ್ಪ, ಬೇರೆ ಯಾರಿಗೂ ಕೇಳದ ಹಾಗೆ.

ಇಪ್ಪತ್ತೆರಡು ಸೆಕೆಂಡು. ತುಕಾರಾಮ ತಲೆಯಾಡಿಸಿದ.

"ಇನ್ನೂ ಬರ್ದಿಲ್ಲ ನಾನು."

"ಬರಿ."

"ತಡಿಯೋ ಮಾರಾಯಾ. ಆ ಮಂದಿ ನಿನಗ ರುಮಾಲ ಸುತ್ತೂದ್ರಾಗ ಎಷ್ಟ ಹೋತು ನಾ ನೋಡೇನಿ. ಅದಕ್ಕ ನೀ ಖರೆ ಹೊಂಟಾಗ ಬ್ಯಾರೆ ವಾಚ್ ಒತ್ತೇನಿ. ಶೈಲಾನ ತಾಲೀಮಿಂದು." ಅಂಗಿಯ ಜೇಬಿನಿಂದ ಕೆಂಪು ದಾರದ ಸ್ಟಾಪ್‌ವಾಚ್ ತೆಗೆದ. ನೋಡಿದ. ಮುಖ ಇಳಿಯಿತು.

"ಏನಾತು?"

"ನಿಲ್ಲಸ್ಲೇ ಇಲ್ಲ. ನೀ ಬರೂದ ನೋಡಕೋತ ನಿಂತಬಿಟ್ಟೆ."

ಇಬ್ಬರೂ ಅಂಗೈಯ ಮೇಲಿನ ಅಂಕಿಗಳು ಓಡುವುದನ್ನು ನೋಡಿದರು.

"ಹೋಗ್ಲಿ. ಅಂದಾಜ ಹಿಡದ ಬರಿತೇನಿ," ಎಂದ ಹಾಲಸಿದ್ದಪ್ಪ. "ಮೂವತ್ತೆಂಟೂವರಿ. ಯಾರ ಕೇಳ್ತಾರ?"

"ಅಂದಾಜ ಬ್ಯಾಡ."

"ಹಟಾ ಮಾಡಬ್ಯಾಡ ಲೇ ತುಕ್ಯಾ. ಹೊರಗ ಬೀಳ್ತಿ."

"ನಾ ಟ್ರ್ಯಾಕ್ಟರ್ ಹಿಂದ ಹೋಗಿದ್ದೆ ಹಾಲಸಿದ್ದ. ಬರೂ ಮುಂದ."

ಹಾಲಸಿದ್ದಪ್ಪ ಸುತ್ತಲೂ ನೋಡಿದ. "ಎಷ್ಟ ಹೊತ್ತು?"

"ಗೊತ್ತಿಲ್ಲ. ಆರಾಮ ಅನಸೂ ತನಕ."

"ಯಾರ ನೋಡ್ಯಾರ?"

"ನಾ ನೋಡೇನಿ."

ಹಾಲಸಿದ್ದಪ್ಪ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಹಂಗಾರ ಕಾಯ್ದೆ ಪ್ರಕಾರ ಹೆಸರ ಹೊಡದ ಹಾಕಬೇಕಾಕ್ಕೈತಿ. ಅವಧಿ ಮೀರೈತಿ ಅಂತ ಬರಿಯೂದಲ್ಲ. ಹೆಸರ."

"ಹೊಡಿ. ಆದ್ರ ಮೊದಲ ಬರಿ. ಬರ್ದ ಆಮ್ಯಾಲ ಹೊಡಿ."

ಹಾಲಸಿದ್ದಪ್ಪ ಅವನ ಮುಖ ನೋಡಿದ. ಆಮೇಲೆ ಸ್ಟಾಪ್‌ವಾಚನ್ನು ಅವನ ಕೈಗೆ ಕೊಟ್ಟು, ಟೇಬಲ್ಲಿನ ಮೇಲೆ ಬಾಗಿ, ಶಾಲೆಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಒತ್ತಿ ಬರೆದ. ಹನ್ನೊಂದು. ತುಕಾರಾಮ. ನಲವತ್ತು ನಿಮಿಷ, ಇಪ್ಪತ್ತೆರಡು ಸೆಕೆಂಡು. ಪೆನ್ನು ಸಾಲಿನ ಕೊನೆಯಲ್ಲಿ ನಿಂತಿತು.

"ಬೀಳಗಿ ರೇಸ್ ಯಾವಾಗ?" ತುಕಾರಾಮ ಕೇಳಿದ.

"ಮುಂದಿನ ತಿಂಗಳ. ಹಿನ್ನೀರ ದಂಡಿ ರೋಡ್." ಹಾಲಸಿದ್ದಪ್ಪ ತಲೆ ಎತ್ತಲಿಲ್ಲ. "ಬರ್ತಿ?"

"ಅಲ್ಲಿ ಗಾಳಿ ಇದಕ್ಕಿಂತ ಜೋರಂತಲ್ಲ."

"ಜೋರ ಐತಿ."

ಅಷ್ಟರಲ್ಲಿ ಸೀಟಿ ಕೇಳಿತು. ದೂರದಲ್ಲಿ ಇನ್ನೊಬ್ಬ ಸವಾರ ಒಬ್ಬನೇ ಬರುತ್ತಿದ್ದ. ಹಾಲಸಿದ್ದಪ್ಪ ಪೆನ್ನು ಹಾಳೆಯ ಮೇಲೆಯೇ ಬಿಟ್ಟು ಗೆರೆಯ ಕಡೆ ಓಡಿದ. ಸಾಲು ಹೊಡೆದಿರಲಿಲ್ಲ.

ತುಕಾರಾಮ ಹಾಳೆಯನ್ನು ಮುಟ್ಟಲಿಲ್ಲ. ಕಾಲಿನ ಗಾಯ ಬಿಚ್ಚಿಕೊಂಡು ರಕ್ತ ಬೂಟಿನ ತನಕ ಇಳಿದಿತ್ತು. ಕೈಯಲ್ಲಿ ಅವನ ವೇಳೆ ಇನ್ನೂ ಓಡುತ್ತಲೇ ಇತ್ತು: ನಲವತ್ತೈದು ನಿಮಿಷ, ನಲವತ್ತಾರು. ರೇಸು ಮುಗಿದದ್ದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ಹೆಬ್ಬೆರಳು ಗುಂಡಿಯ ಮೇಲಿತ್ತು. ಅವನು ಒತ್ತಲಿಲ್ಲ.